ಆಯುಧಪೂಜೆಗೆ ತೊಳೆದ ಹಗ್ಗ

ಶೇಖವ್ವನ ಕಣ್ಣೆದುರು ಹಗ್ಗ ತುಳಿದವನಿಗೆ ಅಂದು ಊಟ ರುಚಿಸುತ್ತಿರಲಿಲ್ಲ, ಬೈಗುಳ ಅಂಥದ್ದು. ಗಾಜು ಒರೆಸಲು ಕಟ್ಟಡದ ತುದಿಯಿಂದ ಜೋತು ಇಳಿಯುವ ಹುಡುಗರಿಗಷ್ಟೇ ಅಲ್ಲ, ಫೋನಿನಲ್ಲಿ ಇಂಗ್ಲಿಷ್ ಮಾತಾಡುತ್ತ ಬಂದು ನೆಲದ ಹಗ್ಗದ ಮೇಲೆ ಬೂಟುಗಾಲು ಊರಿದ ಮ್ಯಾನೇಜರಿಗೂ ಅದೇ ಪ್ರಸಾದ. "ಕಾಲ ತಗೀರಿ ಸರ. ಅದು ಬರೇ ಹಗ್ಗ ಅಲ್ಲ, ಮನಷ್ಯಾನ ಜೀವ ಅದ." ಬೂಟಿನಡಿಯ ಮರಳು ಹಗ್ಗದೊಳಕ್ಕೆ ಇಳಿದು ಎಳೆಗಳನ್ನು ಕೊಯ್ಯುತ್ತದೆ, ಕೊಯ್ದದ್ದು ಹೊರಗೆ ಕಾಣುವುದಿಲ್ಲ. ಆದ್ದರಿಂದ ಹಾರಿ ದಾಟು, ಇಲ್ಲವೇ ಸುತ್ತಿ ಬಾ. ಇದು ಅವಳ ಕಾನೂನು.

ಅಂಥವಳು ಈ ಸಲ ಆಯುಧಪೂಜೆಯ ದಿನ, ವೈಟ್‌ಫೀಲ್ಡಿನ ದೊಡ್ಡದೊಂದು ಐಟಿ ಪಾರ್ಕಿನ ಹಿಂಭಾಗದಲ್ಲಿ, ಹೂವು ಮುಡಿಸಿದ್ದ ಎಂಟು ಹಗ್ಗಗಳ ರಾಶಿಯ ಮೇಲೆ ತಾನೇ ಹೋಗಿ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಳು. ನೋಡಿದವರು ಬಾಯಿಯ ಮೇಲೆ ಕೈ ಇಟ್ಟರು.

ಶೇಖವ್ವ ಶಹಾಪುರದ ಕಡೆಯ ಹಳ್ಳಿಯವಳು. ತವರಿನಲ್ಲಿ ಪುಂಡಿ ಗಿಡದ ನಾರು ತೊಳೆದು, ಒಣಗಿಸಿ, ತೊಡೆಯ ಮೇಲೆ ಹಗ್ಗ ಹೊಸೆಯುವ ಕೆಲಸ ಮನೆಮಂದಿಗೆಲ್ಲ ಇತ್ತು. ಮದುವೆಯಾಗಿ ಗಂಡ ಮುತ್ತಣ್ಣನ ಜೊತೆ ಬೆಂಗಳೂರಿಗೆ ಬಂದ ಮೇಲೆ ಇಪ್ಪತ್ತು ವರ್ಷ ಕಾಂಕ್ರೀಟ್ ಹೊತ್ತಳು. ಇಂದು ಗಾಜಿನ ಮಹಲುಗಳೆಂದು ಫೋಟೋ ತೆಗೆಸಿಕೊಳ್ಳುವ ಕಟ್ಟಡಗಳಲ್ಲಿ ಎಷ್ಟಕ್ಕೆ ಅವಳ ತಲೆಯ ಮೇಲಿನ ಬುಟ್ಟಿಯ ಋಣ ಇದೆಯೋ ಲೆಕ್ಕ ಇಟ್ಟವರಿಲ್ಲ. ಪಟ್ಟಂದೂರು ಅಗ್ರಹಾರದಲ್ಲಿ ಒಂದು ಬಾಡಿಗೆ ಕೋಣೆ, ಗಂಡನಿಗೊಂದು ಗೇಟು ಕಾಯುವ ಕೆಲಸ, ಅಷ್ಟರಲ್ಲಿ ಬದುಕು ಸಾಗುತ್ತಿತ್ತು. ಅದನ್ನು ಲಕ್ಷ್ಮಯ್ಯನ ಸಾವು ಅಲ್ಲಾಡಿಸಿಬಿಟ್ಟಿತು.

ಆರು ವರ್ಷದ ಹಿಂದಿನ ಮಾತು. ವರ್ತೂರಿನ ಹತ್ತಿರ ಒಂದು ಅಪಾರ್ಟ್‌ಮೆಂಟಿಗೆ ಬಣ್ಣ ಹೊಡೆಯಲು ಲಕ್ಷ್ಮಯ್ಯ ಎಂಬುವನು ಹಗ್ಗದ ಮೇಲೆ ಇಳಿದಿದ್ದ. ಏಳನೆಯ ಮಹಡಿಯಲ್ಲಿ ಹೆಜ್ಜೇನು ಎದ್ದಿತು. ಕಚ್ಚಿಸಿಕೊಂಡು ಪ್ರಜ್ಞೆ ತಪ್ಪಿ ಬೆಲ್ಟಿನಲ್ಲೇ ತೂಗಾಡುತ್ತ ಉಳಿದ. ಕೆಳಗೆ ಜನವೋ ಜನ. ಎಲ್ಲರ ಕೈಯಲ್ಲೂ ಫೋನು, ಯಾರ ಕೈಯಲ್ಲೂ ಉಪಾಯವಿಲ್ಲ. ಅಲ್ಲೇ ಸಿಮೆಂಟಿನ ಮಾಲು ಕಲಸುತ್ತಿದ್ದ ಶೇಖವ್ವ ಸನಿಕೆ ಹಿಡಿದೇ ನಿಂತಿದ್ದಳು. ಅಗ್ನಿಶಾಮಕದ ಗಾಡಿ ಟ್ರಾಫಿಕ್ಕಿನಲ್ಲಿ ತೆವಳಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಹಗ್ಗ ಹರಿಯಲಿಲ್ಲ, ಲಕ್ಷ್ಮಯ್ಯ ಬೀಳಲಿಲ್ಲ, ಆದರೂ ಸತ್ತ.

ಇದು ಅವಳ ತಲೆಯೊಳಗೆ ಹುಳ ಬಿಟ್ಟಿತು. ಬೀಳದವನು ಸತ್ತದ್ದು ಹೇಗೆ? ಕಂಟ್ರಾಕ್ಟರನ ಬಳಿ ಹೋಗಿ, "ನಾಳಿಗೆ ಇನ್ನೊಬ್ಬಾಂವ ಹಿಂಗ ಸಿಕ್ಕೊಂಡ್ರ ಇಳಸೋರು ಯಾರ್ರಿ?" ಎಂದು ಕೇಳಿದಳು. "ನಿನ್ ಕೆಲ್ಸ ನೀನ್ ನೋಡಮ್ಮ" ಎಂದ. ನೋಡಿದಳು. ತನ್ನ ಕೆಲಸ ಇನ್ನು ಮೇಲೆ ಇದೇ ಎಂದು ಅವತ್ತೇ ತೀರ್ಮಾನಿಸಿದಳು.

ಪೀಣ್ಯದಲ್ಲಿ ಶಿವಶಂಕರ್ ಎಂಬ ಬಂಡೆ ಹತ್ತುವ ಮನುಷ್ಯ, ಮುಚ್ಚಿದ ಕಾರ್ಖಾನೆಯ ಶೆಡ್ಡೊಂದರಲ್ಲಿ ಹಗ್ಗದ ರೆಸ್ಕ್ಯೂ ಕಲಿಸುತ್ತಾನೆಂದು ಯಾರೋ ಹೇಳಿದರು. ಭಾನುವಾರ ಎರಡು ಬಸ್ಸು ಬದಲಿಸಿ ಹೋಗಿ ಬಾಗಿಲಲ್ಲಿ ನಿಂತಳು. ಒಳಗೆ ಇಪ್ಪತ್ತು ಜನ ಗಂಡಸರು.

"ಎಷ್ಟ್ ಓದಿದೀರಮ್ಮ?" ಎಂದು ಶಿವಶಂಕರ್ ಕೇಳಿದರು.

"ಐದನೆತ್ತ. ಯಾಕ್ರಿ, ಹಗ್ಗಕ್ಕ ಓದಾಕ ಬರ್ತದೇನು?"

ಶಿವಶಂಕರ್ ನಕ್ಕು ಒಂದು ತುಂಡು ಹಗ್ಗ ಎಸೆದು, ಎಂಟರ ಆಕಾರದ ಗಂಟು ಒಮ್ಮೆ ಕಟ್ಟಿ ತೋರಿಸಿ ಬಿಚ್ಚಿದರು. ಶೇಖವ್ವ ಅದನ್ನು ಕಟ್ಟಿದಳು, ಬಿಚ್ಚಿದಳು, ಬೆನ್ನ ಹಿಂದೆ ಕೈ ಇಟ್ಟುಕೊಂಡು ಮತ್ತೊಮ್ಮೆ ಕಟ್ಟಿದಳು. ಹೊಸೆದ ಕೈಗೆ ಗಂಟೇನು ದೊಡ್ಡದು?

ಅಲ್ಲಿ ಲಕ್ಷ್ಮಯ್ಯನ ಸಾವಿಗೆ ಕಾರಣ ಸಿಕ್ಕಿತು. ಪ್ರಜ್ಞೆ ಇಲ್ಲದೆ ಬೆಲ್ಟಿನಲ್ಲಿ ಜೋತವನ ಕಾಲಿಗೆ ಇಳಿದ ರಕ್ತ ಎದೆಗೆ ಹಿಂದಿರುಗುವುದಿಲ್ಲ, ಹೆಚ್ಚು ಹೊತ್ತು ಕಾಯಲಾಗುವುದಿಲ್ಲ. ಕಾಯಬಾರದ ಮೇಲೆ ಮಾಡಬೇಕಾದದ್ದೂ ಗೊತ್ತಾಯಿತು. ಪಕ್ಕದಲ್ಲಿ ಬೇರೆ ಹಗ್ಗ ಬಿಟ್ಟು ಇಳಿ, ಅವನ ಬೆಲ್ಟಿಗೆ ನಿನ್ನ ಪಟ್ಟಿ ಕೊಕ್ಕೆ ಹಾಕು, ಸಣ್ಣ ರಾಟೆಯಿಂದ ಅವನನ್ನು ಒಂದು ಗೇಣು ಎತ್ತು, ಅವನ ಹಗ್ಗ ಬಿಡಿಸು, ಇಬ್ಬರ ಭಾರವನ್ನೂ ನಿನ್ನ ಬ್ರೇಕಿನ ಮೇಲೆ ಹಾಕಿಕೊಂಡು ಇಳಿ. ಎಂಬತ್ತು ಕಿಲೋ ಗಂಡಸನ್ನು ಐವತ್ತು ಕಿಲೋ ಹೆಂಗಸು ಇಳಿಸಲು ಹೊರಟದ್ದನ್ನು ನೋಡಿ ಗಂಡಸರು ಮೊದಲು ನಕ್ಕರು, ಕೊನೆಗೆ ಅವಳ ಬಳಿಯೇ ಗಂಟು ಸರಿಯೋ ಎಂದು ಕೇಳತೊಡಗಿದರು. "ಮೊದಲ ಇಳಸು, ಆಮ್ಯಾಲ ಅಳು" ಎಂಬ ಮಾತು ಶೇಖವ್ವನದೇ. ಈಗ ಶಿವಶಂಕರ್ ಅದನ್ನು ಪ್ರತಿ ಹೊಸ ತಂಡಕ್ಕೂ ಹೇಳುತ್ತಾರೆ.

ಹೀಗೆ ಅವಳು ಗಾಜು ಒರೆಸುವ ಕಂಪನಿಯೊಂದರಲ್ಲಿ ತಾರಸಿಯ ಮೇಲೆ ನಿಲ್ಲುವ ರೆಸ್ಕ್ಯೂ ಹೆಂಗಸಾದಳು. ಹುಡುಗರು ಕೆಳಗಿಳಿದರೆ ಇವಳು ಮೇಲೆ, ಕೆಂಪು ಚೀಲ ಹೆಗಲಿಗೇರಿಸಿ. ಚೀಲದಲ್ಲಿ ರಾಟೆ, ಕೊಕ್ಕೆ, ಪಟ್ಟಿ, ಒಂದು ಚೂರಿ. ಹೋದ ಬೇಸಿಗೆಯಲ್ಲಿ ಹಣಮಂತ ಎಂಬುವನು ಒಂಬತ್ತನೆಯ ಮಹಡಿಯ ಗಾಜಿನ ಮುಂದೆ ಬಿಸಿಲಿಗೆ ಕಣ್ಣು ಕತ್ತಲಿಟ್ಟು ತಲೆ ಇಳಿಬಿಟ್ಟ. ಒಳಗಿನವರು ಮೀಟಿಂಗು ನಿಲ್ಲಿಸಿ ಚೀರುವ ಹೊತ್ತಿಗೆ ಶೇಖವ್ವ ಗಾಜಿನ ಹೊರಗಿದ್ದಳು. ಏಳೇ ನಿಮಿಷದಲ್ಲಿ ಹಣಮಂತ ನೆಲದ ಮೇಲೆ ಕಣ್ಣು ಬಿಟ್ಟ. ಅವನೂ ಅವಳ ಸೀಮೆಯವನೇ. ಅಂದಿನಿಂದ ಅವಳನ್ನು ಕಾಣುತ್ತಲೇ "ಯಕ್ಕಾ" ಎಂದು ಅರ್ಧ ಗೇಲಿಯಿಂದ, ಅರ್ಧ ಭಕ್ತಿಯಿಂದ ಕೈ ಮುಗಿಯುತ್ತಿದ್ದ.

ಇನ್ನು ಪೂಜೆಯ ಕತೆ.

ಹಬ್ಬಕ್ಕೆ ಕಚೇರಿಗಳು ಮುಚ್ಚುವ ಮೊದಲೇ ಪೂಜೆ ಮುಗಿಸಿ, ಅದೇ ದಿನ ಮುಂಭಾಗದ ಗಾಜು ಒರೆಸಲು ಶುರು ಮಾಡಬೇಕೆಂದು ಸೂಪರ್‌ವೈಸರ್ ರುದ್ರೇಶ್ ಹೇಳಿದ್ದ. ದಾವಣಗೆರೆ ಕಡೆಯ ಹುಡುಗ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಎರಡು ಫೋನು. ಸೋಮವಾರ ಹೊರದೇಶದ ಅತಿಥಿಗಳು ಬರುವವರಿದ್ದರು. ಪೂಜೆ ಮಾಡಿದ ಆಯುಧವನ್ನು ಅವತ್ತೇ ಮುಟ್ಟುವುದುಂಟೇ ಎಂದು ಶೇಖವ್ವ ಗೊಣಗಿದಳು, ಅವನು ಕೇಳಿಸಿಕೊಳ್ಳಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ, ಒಂದು ಬದಲಿ ಹಗ್ಗವೂ ಇಲ್ಲದ ಕಂಪನಿಗೆ ಗಾಜು ಮಾತ್ರ ಫಳಫಳ ಹೊಳೆಯಬೇಕಿತ್ತು.

ಹಿಂದಿನ ದಿನ ಶೇಖವ್ವ ಹಗ್ಗಗಳನ್ನು ತೊಳೆಯಲು ಕುಳಿತಳು. ಪೂಜೆಗೆ ಮೈಲಿಗೆ ಹಗ್ಗ ಇಡುವುದು ಹೇಗೆ? ಟ್ಯಾಂಕರು ಬಂದಿರಲಿಲ್ಲ, ಒಂದೇ ಡ್ರಮ್ಮು ನೀರು. ಪಾಯಿಖಾನೆ ತೊಳೆಯುವ ತಂಡದ ಭಾಗ್ಯಶ್ರೀ ಕೈ ಜೋಡಿಸಿದಳು. ಶೇಖವ್ವನ ಊರಿಗೆ ಹತ್ತಿರದ ಹಳ್ಳಿಯ ಹೆಣ್ಣುಮಗಳು, ಅವಳಿಗೆ ತಂಗಿಯ ಹಾಗೆ. ನಡುವೆ ಶೇಖವ್ವ ಚಹಾ ಕುಡಿಯಲು ಎದ್ದು ಹೋಗಿ ಬಂದಾಗ ಹಗ್ಗಗಳು ಎಂದೂ ಇಲ್ಲದಷ್ಟು ಬೆಳ್ಳಗಾಗಿದ್ದವು.

"ಏನ್ ಮಾಡ್ದಿ ತಂಗಿ? ಮಲ್ಲಿಗಿ ಹೂವಿನಂಗ ಆಗ್ಯಾವಲ್ಲ!"

ಭಾಗ್ಯಶ್ರೀ ನಾಚಿ ನಕ್ಕಳು. ಶೇಖವ್ವ ಮರು ಪ್ರಶ್ನೆ ಕೇಳಲಿಲ್ಲ. ತಪ್ಪು ಅಲ್ಲೇ ಆಯಿತು. ಕಂಡವರ ಗಂಟನ್ನೆಲ್ಲ ಎಳೆದು ನೋಡುವವಳು, ತನ್ನ ಹಗ್ಗದ ಬಿಳುಪಿಗೆ ಮರುಳಾದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ರಾಟೆ, ಕೊಕ್ಕೆ, ಬೆಲ್ಟು, ಚೂರಿ, ಅವುಗಳ ಮುಂದೆ ಚಾಪೆಯ ಮೇಲೆ ಎಂಟು ಹಗ್ಗ. ಚೆಂಡು ಹೂವು, ಬೂದುಗುಂಬಳ, ಕಡಲೆಪುರಿ. ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪಗೆ ಕಲಸಿದ ಆರತಿ ನೀರಿನ ತಟ್ಟೆಯನ್ನು ಶೇಖವ್ವ ಮತ್ತು ಭಾಗ್ಯಶ್ರೀ ಇಬ್ಬರೂ ಹಿಡಿದು ಬೆಳಗಿದರು. ತಟ್ಟೆ ತುಳುಕಿ ನಾಲ್ಕು ಹನಿ ಬಿದ್ದವು. ಮೇಜಿನ ಮೇಲೆ ಬಿದ್ದದ್ದು ಕೆಂಪಗೇ ಇತ್ತು. ಕೊಕ್ಕೆಯ ಮೇಲೆ ಬಿದ್ದದ್ದೂ ಕೆಂಪು. ಹಗ್ಗದ ಮೇಲಿನ ಹನಿ ಮಾತ್ರ ನೋಡನೋಡುತ್ತ ಹಳದಿಯಾಯಿತು.

ಶೇಖವ್ವನ ಕೈ ನಿಂತಿತು. ಆರತಿ ನೀರಿಗೆ ನಿಂಬೆಹುಳಿ ಬಿದ್ದರೆ ಕೆಂಪು ಹೋಗಿ ಮತ್ತೆ ಅರಿಶಿನವೇ ಆಗುತ್ತದೆಂದು ಅಡುಗೆಮನೆ ಕಂಡ ಯಾವ ಹೆಂಗಸಿಗೆ ಗೊತ್ತಿಲ್ಲ? ಇಲ್ಲಿ ನಿಂಬೆಹಣ್ಣು ಎಲ್ಲಿಂದ ಬಂತು? ಬೆರಳು ಅದ್ದಿ ಎರಡನೆಯ ಹಗ್ಗಕ್ಕೆ ಇಟ್ಟಳು, ಹಳದಿ. ಮೂರನೆಯದಕ್ಕೆ, ಹಳದಿ. ಎಂಟಕ್ಕೂ ಇಟ್ಟಳು. ಎಂಟೂ ಅಲ್ಲಲ್ಲಿ ಹಳದಿ. ಹಗ್ಗದ ಸುರುಳಿಯನ್ನು ಬಿಡಿಸಿ ಮೂಗಿಗೆ ಹಿಡಿದಳು. ಒಳಗೆ ಇನ್ನೂ ತೇವ ಇತ್ತು, ಪಾಯಿಖಾನೆಯ ವಾಸನೆ ಇತ್ತು.

"ತಂಗಿ, ನಿನ್ನಿ ನೀರಿಗೆ ಏನರ ಹಾಕಿದ್ಯಾ?" ಎಂದು ಪಿಸುಗುಟ್ಟಿದಳು.

"ಎರಡ ಮಗ್ಗ ಆಸಿಡ್, ಯಕ್ಕ," ಎಂದಳು ಭಾಗ್ಯಶ್ರೀ. "ಟೈಲ್ಸಿನ ಕಲೆ ಚೊಲೋ ಹೋಗ್ತಾವಲ್ಲ, ಅದಕ್ಕ."

ಶಿವಶಂಕರ್ ಪಾಠದ ಮೊದಲ ದಿನವೇ ಹೇಳಿದ್ದರು, ನೈಲಾನಿಗೆ ಆಸಿಡ್ ಅಂದರೆ ಗೆದ್ದಲು. ಹೊರಗೆ ಗೊತ್ತಾಗುವುದಿಲ್ಲ. ಭಾರ ಬಿದ್ದ ದಿನ ಗೊತ್ತಾಗುತ್ತದೆ.

ಕುಂಬಳಕಾಯಿ ಒಡೆದರು. ರುದ್ರೇಶ್ ಗಡಿಯಾರ ನೋಡಿ, "ಸರಿ, ಹಗ್ಗ ಮೇಲ್ ತಗೊಂಡ್ ಹೋಗ್ರಪ್ಪ" ಎಂದ. ಆಗಲೇ ಶೇಖವ್ವ ಹೋಗಿ ಹಗ್ಗಗಳ ಮೇಲೆ ಕುಳಿತದ್ದು.

"ಏನಿದು ಶೇಖಮ್ಮ, ಏಳಿ."

"ಏಳಂಗಿಲ್ಲ ಸರ. ಈ ಹಗ್ಗ ಸತ್ತಾವ. ಇವು ಮ್ಯಾಲ ಹೋಗಂಗಿಲ್ಲ."

ಆಸಿಡ್ ತಾಕಿದೆ ಎಂದಳು. ಹಳದಿ ಕಲೆ ತೋರಿಸಿದಳು. ರುದ್ರೇಶ್ ಬಗ್ಗಿ ನೋಡಿ ನೆಟ್ಟಗಾದ.

"ಇದಕ್ಕೆ ಮುಂದಿನ ಜೂನ್ ತನಕ ಸರ್ಟಿಫಿಕೇಟ್ ಇದೆ. ಅರಿಶಿನದ ಬಣ್ಣ ನೋಡಿ ಕೆಲ್ಸ ನಿಲ್ಸಿದೆ ಅಂತ ಮೇಲಿನವ್ರಿಗೆ ಹೇಳ್ಲಾ ನಾನು? ನಗ್ತಾರೆ ಕಣ್ರೀ."

"ನಗ್ಲಿ ಬಿಡ್ರಿ. ಅಳೂದಕ್ಕಿಂತ ಚೊಲೋ."

"ಯಾರು ಆಸಿಡ್ ಹಾಕಿದ್ದು? ಹೆಸ್ರು ಹೇಳಿ."

ಭಾಗ್ಯಶ್ರೀ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಶೇಖವ್ವ ಅತ್ತ ತಿರುಗಿಯೂ ನೋಡಲಿಲ್ಲ. "ಹಗ್ಗ ನನ್ನ ವಶದಾಗ ಇದ್ವು. ತೊಳದಾಕಿ ನಾನು. ನನ್ನ ಹೆಸರ ಬರ್ಕೋರಿ."

ಆಗ ಹಣಮಂತ ಮುಂದೆ ಬಂದು ರಾಶಿಯ ಅಂಚಿನ ಹಗ್ಗವೊಂದನ್ನು ಹಿಡಿದ. ಬೇರೆ ತಂಡ ಕರೆಸುತ್ತೇನೆಂದು ರುದ್ರೇಶ್ ಫೋನು ತೆಗೆದದ್ದನ್ನು ಅವನು ನೋಡಿದ್ದ, ಕೂಲಿ ತಪ್ಪೀತೆಂದು ಹೆದರಿದ್ದ. "ಏಳು ಯಕ್ಕ. ಒಬ್ಬೊಬ್ಬರಿಗೆ ಎರಡೆರಡು ಹಗ್ಗ ಇರ್ತಾವಲ್ಲ. ಒಂದು ಹರಿದ್ರ ಇನ್ನೊಂದು ಹಿಡೀತದ. ಅದೂ ಅಲ್ದ, ಮ್ಯಾಲ ನೀ ಇರ್ತಿ. ನನಗ್ಯಾಕ ಅಂಜಿಕಿ?"

ರುದ್ರೇಶನ ಮೇಲೆ ಬಾರದ ಸಿಟ್ಟು ಶೇಖವ್ವನಿಗೆ ಇವನ ಮೇಲೆ ಬಂತು. ತನ್ನ ಮೇಲಿನ ನಂಬಿಕೆಯನ್ನೇ ಇವನು ಸಾವಿಗೆ ಮೆಟ್ಟಿಲು ಮಾಡಿಕೊಂಡಿದ್ದಾನಲ್ಲ!

"ಎರಡೂ ಒಂದ ಡ್ರಮ್ಮಿನ್ಯಾಗ ಮುಳುಗ್ಯಾವೋ, ಮಬ್ಬ! ನನ್ನ ರೆಸ್ಕ್ಯೂ ಹಗ್ಗ ಎರಡೂ ಅದರಾಗ ಮುಳುಗ್ಯಾವ. ಜೋತುಬಿದ್ದಾಂವನ್ನ ನಾ ಇಳಸ್ತೀನಿ. ನೆಲಕ್ಕ ಬಿದ್ದಾಂವನ್ನ ಎಲ್ಲಿಗಿ ಇಳಸ್ಲಿ?"

ಹಣಮಂತ ತಲೆ ತಗ್ಗಿಸಿದ, ಆದರೂ ಅವನ ಕೈ ಆ ಹಗ್ಗವನ್ನು ಬಿಡಲಿಲ್ಲ. ರುದ್ರೇಶ್ ಸೆಕ್ಯೂರಿಟಿಯವರನ್ನು ಕರೆದ. ಇಬ್ಬರು ಗಂಡಸರು ಬರುವುದು ಕಂಡಿತು. ಅವರು ತನ್ನನ್ನು ಎತ್ತಿ ಪಕ್ಕಕ್ಕಿಟ್ಟರೆ ಹತ್ತು ನಿಮಿಷದಲ್ಲಿ ಹಗ್ಗ ತಾರಸಿಯ ಮೇಲಿರುತ್ತದೆ, ಹದಿನೈದನೆಯ ನಿಮಿಷಕ್ಕೆ ಹಣಮಂತ ಅದರ ಮೇಲಿರುತ್ತಾನೆ. ಶೇಖವ್ವ ಕೈ ಚಾಚಿ ಮೇಜಿನ ಮೇಲಿನ ಚೂರಿ ತೆಗೆದುಕೊಂಡಳು. ಕುಂಕುಮ ಹಚ್ಚಿದ ಚೂರಿ, ಹಿಡಿಗೆ ಚೆಂಡು ಹೂವಿನ ಎಸಳು ಅಂಟಿತ್ತು. ಬೇರೆ ದಾರಿಯೇ ಇಲ್ಲದಾಗ ಮಾತ್ರ ಹೊರಗೆ ತೆಗೆಯಬೇಕಾದ ಚೂರಿ ಅದು.

ಸೆಕ್ಯೂರಿಟಿಯವರು ಅಲ್ಲೇ ನಿಂತರು. ಶೇಖವ್ವ ಅವರ ಕಡೆ ನೋಡಲಿಲ್ಲ. ಹಣಮಂತನ ಕೈಯಲ್ಲಿದ್ದ ಹಗ್ಗವನ್ನು ಅವನ ಮುಷ್ಟಿಯಿಂದ ಒಂದು ಗೇಣು ಬಿಟ್ಟು ಕತ್ತರಿಸಿದಳು. ಆಮೇಲೆ ಮೊಳ ಮೊಳಕ್ಕೊಂದು. ಗಂಟು ಹಾಕಿ ಬಳಸಲೂ ಆಗಬಾರದು, ಮಾರಲೂ ಆಗಬಾರದು, ಅಷ್ಟು ಸಣ್ಣದು. ಒಂದು ಮುಗಿದ ಮೇಲೆ ಇನ್ನೊಂದು. ಹೊಸೆಯುವ ಮನೆಯಲ್ಲಿ ಹುಟ್ಟಿದವಳು ಅಂದು ಮುಕ್ಕಾಲು ಗಂಟೆ ಹಗ್ಗ ಕೊಯ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಕೆಲಸ ಹೋಯಿತು ಎಂದು ಅವಳಿಗೆ ಮೂರನೆಯ ಹಗ್ಗಕ್ಕೇ ಗೊತ್ತಾಗಿತ್ತು.

"ನಾಳೆಯಿಂದ ಬರ್ಬೇಡಿ," ಎಂದ ರುದ್ರೇಶ್.

ಮನೆಯಲ್ಲಿ ಮುತ್ತಣ್ಣ ಎಲ್ಲ ಕೇಳಿ, "ಹಗ್ಗ ಕತ್ತರಿಸ್ದಿ, ಆತು. ಈಗ ಉಳ್ಳಾಗಡ್ಡಿ ಕತ್ತರ್ಸು, ಹಸಿವ್ಯಾಗ್ಯದ" ಎಂದ. ಅವನ ಸಮಾಧಾನ ಯಾವಾಗಲೂ ಹೀಗೆಯೇ.

ಭಾಗ್ಯಶ್ರೀ ಎಂಟು ಹಗ್ಗದ ಎಂಟು ತುಂಡು ಆಯ್ದು ಶಿವಶಂಕರ್ ಅವರಿಗೆ ಮುಟ್ಟಿಸಿದ್ದಳು. ಅವರು ಶನಿವಾರ ಪೀಣ್ಯದಲ್ಲಿ ಗುರುತಿನವರ ಕಾರ್ಖಾನೆಯ ಎಳೆಯುವ ಯಂತ್ರಕ್ಕೆ ಅವನ್ನು ಹಾಕಿಸಿದರು. ರುದ್ರೇಶನನ್ನೂ ಕರೆಸಿದರು, ಶೇಖವ್ವನನ್ನೂ. ಮೊದಲನೆಯ ತುಂಡು ಇರಬೇಕಾದ ಬಲದ ಕಾಲು ಭಾಗಕ್ಕೇ ಪಟ್ಟೆಂದು ಹರಿಯಿತು. ಒಟ್ಟು ಐದು ತುಂಡು ಹಾಗೆ ಹೋದವು. ಉಳಿದ ಮೂರು ಮಾತ್ರ ಹೊಸ ಹಗ್ಗದ ಹಾಗೆ ತಡೆದುಕೊಂಡವು.

ರುದ್ರೇಶ್ ಆ ಮೂರನ್ನೂ ಕೈಗೆತ್ತಿಕೊಂಡ. "ಮೂರು ಚೆನ್ನಾಗಿದ್ವು ಶೇಖಮ್ಮ. ಅವನ್ನೂ ಕತ್ತರಿಸ್ಬಿಟ್ರಿ" ಎಂದ.

"ಹೌದ್ರಿ," ಎಂದಳು ಶೇಖವ್ವ. "ಅವು ಯಾವ ಮೂರು ಅಂತ ಅವತ್ತು ನೀವು ಹಣಮಂತಗ ಹೇಳಾಂವ್ರಿದ್ರೇನು?"

ರುದ್ರೇಶ್ ಕೆಟ್ಟವನಲ್ಲ. ಹರಿದ ಐದು ತುಂಡುಗಳ ಫೋಟೋ ತೆಗೆದು ಮೇಲಿನವರಿಗೆ ಕಳಿಸುವಷ್ಟು ಮರ್ಯಾದೆ ಅವನಲ್ಲಿತ್ತು. ಆದರೆ ಕಂಪನಿಗೆ ಮರ್ಯಾದೆಯ ಲೆಕ್ಕವೇ ಬೇರೆ. ಭಾನುವಾರ ಹೊಸ ಹಗ್ಗ ಬಂದವು, ಜೊತೆಗೆ ಒಂದು ಆಜ್ಞೆಯೂ ಬಂತು. ಶೇಖವ್ವ ತಪ್ಪೊಪ್ಪಿಗೆ ಬರೆದುಕೊಟ್ಟರೆ ಕೆಲಸಕ್ಕೆ ಬರಬಹುದು. ಅಪ್ಪಣೆ ಇಲ್ಲದೆ ಹಗ್ಗ ಕತ್ತರಿಸಿದ್ದು ತಪ್ಪು, ಇನ್ನೊಮ್ಮೆ ಹಾಗೆ ಮಾಡುವುದಿಲ್ಲ ಎಂದು ಅದರಲ್ಲಿ ಇರಬೇಕು.

ಸೋಮವಾರ ನಸುಕಿನಲ್ಲೇ ಬಂದು, ರುದ್ರೇಶನ ಮೇಜಿನ ಮೇಲೆ ಹಾಳೆ ಇಟ್ಟುಕೊಂಡು ಅವಳು ಐದನೆಯ ಇಯತ್ತೆಯ ಅಕ್ಷರಗಳಲ್ಲಿ ಬರೆದಳು. ರುದ್ರೇಶ್ ಓದಿದ.

"ನೀರಿನಲ್ಲಿ ಏನಿದೆ ಎಂದು ನೋಡದೇ ತೊಳೆದದ್ದು ನನ್ನ ತಪ್ಪು. ಕತ್ತರಿಸಿದ್ದು ತಪ್ಪಲ್ಲ. ಇನ್ನೊಮ್ಮೆ ಹಾಗಾದರೆ ಇನ್ನೊಮ್ಮೆ ಕತ್ತರಿಸುತ್ತೇನೆ. ಇಂತಿ, ಶೇಖವ್ವ."

"ಇದನ್ನ ಹೆಂಗ್ರೀ ಮೇಲೆ ಕಳಿಸ್ಲಿ ನಾನು?" ಎಂದು ಅವನು ತಲೆ ಹಿಡಿದುಕೊಂಡ.

ಅಷ್ಟರಲ್ಲಿ ಹೊರಗಿನಿಂದ ಸೆಕ್ಯೂರಿಟಿಯವನು ಓಡಿ ಬಂದ. ಹುಡುಗರು ಕೆಲಸಕ್ಕೆ ಏಳುತ್ತಿಲ್ಲವಂತೆ. ಇಬ್ಬರೂ ಹೋಗಿ ನೋಡಿದರು. ಹಿಂಭಾಗದ ಅಂಗಳದಲ್ಲಿ ಹೊಸ ಹಗ್ಗಗಳನ್ನು ಚಾಪೆಯ ಮೇಲೆ ಹರಡಿದ್ದರು. ಅವುಗಳ ನಟ್ಟನಡುವೆ ಹಣಮಂತ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ, ಥೇಟ್ ಶೇಖವ್ವನಂತೆ. ಉಳಿದ ಇಬ್ಬರು ಅವನ ಪಕ್ಕದಲ್ಲಿ. ಮಗ್ಗುಲಲ್ಲಿ ಭಾಗ್ಯಶ್ರೀ, ಕೈಯಲ್ಲಿ ಕೆಂಪು ಆರತಿ ನೀರಿನ ಬಟ್ಟಲು.

"ಆಸಿಡ್ ಹಾಕಿದಾಕಿ ನಾನ್ರಿ ಸರ. ಯಕ್ಕ ಅಲ್ಲ," ಎಂದಳು ಭಾಗ್ಯಶ್ರೀ.

"ಮ್ಯಾಲ ಯಕ್ಕ ನಿಲ್ಲಬೇಕು," ಎಂದ ಹಣಮಂತ. "ಇಲ್ಲಾಂದ್ರ ನಾವು ಇಳಿಯಂಗಿಲ್ಲ. ನಿಮ್ಮ ಅತಿಥಿಗೋಳು ಮಸಕ ಗಾಜಿನ್ಯಾಗ ಮಾರಿ ನೋಡ್ಕೊಂಡು ಹೋಗ್ಲಿ."

ರುದ್ರೇಶ್ ಗಡಿಯಾರ ನೋಡಿದ, ಗಾಜು ನೋಡಿದ, ಕೈಯಲ್ಲಿದ್ದ ಹಾಳೆ ನೋಡಿದ. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು, "ಮೇಲಿನವ್ರಿಗೆ ನಾನ್ ಹೇಳ್ಕೊತೀನಿ. ಹತ್ತಿ ಶೇಖಮ್ಮ," ಎಂದ.

ಎಲ್ಲರೂ ಶೇಖವ್ವನ ಮುಖ ನೋಡಿದರು. ಗೆದ್ದವಳು ನಗುತ್ತಾಳೆ, ಅಳುತ್ತಾಳೆ, ಒಂದು ಒಳ್ಳೆಯ ಮಾತಾಡುತ್ತಾಳೆ ಎಂದುಕೊಂಡರು. ಶೇಖವ್ವ ಭಾಗ್ಯಶ್ರೀಯ ಬಟ್ಟಲಿಗೆ ಬೆರಳು ಅದ್ದಿ, ಹೊಸ ಹಗ್ಗಕ್ಕೆ ಒಂದೊಂದು ಬೊಟ್ಟು ಇಡುತ್ತ ಹೋದಳು. ಎಂಟೂ ಕೆಂಪಗೇ ಉಳಿದವು. ಆಮೇಲೆ ಹಣಮಂತನ ಕಡೆ ತಿರುಗಿದಾಗ ಅವಳ ಕಣ್ಣು ಕೆಂಡವಾಗಿತ್ತು.

"ಏಳಲೇ ಭಾಡ್ಯಾ ಹಗ್ಗದ ಮ್ಯಾಲಿಂದ! ಇವು ಜೀವ ಇದ್ದ ಹಗ್ಗ."